ದವಡೆಯೊಳಗಿನ ಅಕ್ಷರ

ಜೇಮ್ಸ್‌ಟೌನ್
೯ ಅಕ್ಟೋಬರ್ ೧೯೮೮

ಅಣ್ಣ ಹಾರ್ಲನ್‌ಗೆ,

ನಿನ್ನ ಫೋಟೋ ನೋಡಿದೆ. ನೀನು ಕಳಿಸಲಿಲ್ಲ, ಆಲ್ಡನ್ ತಂದು ತೋರಿಸಿದ. ನಾರ್ಬರ್ಗ್ ಪಾನಾ ಕಾರ್ಖಾನೆ ಮುಚ್ಚಿದ ಮೇಲೆ ಅವನಿಗೆ ಬೇರೆ ಕೆಲಸವಿಲ್ಲ. ಎರಡು ಅಂಗಿ ಒಗೆಯುವುದಕ್ಕೆ ನನ್ನ ಲಾಂಡ್ರಿಗೆ ಬಂದು ಇಪ್ಪತ್ತು ಅಂಗಿ ಒಗೆಯುವಷ್ಟು ಹೊತ್ತು ಕೂರುತ್ತಾನೆ. ಹಳೆ ಪಾನಾ ಸಂಗ್ರಹಿಸುವವರ ಆ ನಿಮ್ಮ ಪತ್ರಿಕೆಯನ್ನು ಮೆಷಿನ್ನಿನ ಮೇಲೆ ಹರಡಿ, "ನೋಡಮ್ಮ ಸಿಗ್ನೆ, ನಿಮ್ಮಣ್ಣ ಮುಖಪುಟಕ್ಕೇ ಹತ್ಬಿಟ್ಟ. ನೀನಿನ್ನೂ ಸೋಪಿನ ನೊರೇಲೇ ಇದ್ದೀಯ!" ಎಂದು ನಕ್ಕ.

ನೀನು ಚೆನ್ನಾಗಿ ಕಾಣುತ್ತೀಯ. ಹೊಟ್ಟೆ ಬಂದಿದೆ. ಅಪ್ಪನ ಸ್ಕ್ರೂ ಪಾನಾವನ್ನು ಕೂಸು ಎತ್ತಿಕೊಂಡ ಹಾಗೆ ಎತ್ತಿಕೊಂಡಿದ್ದೀಯ. ಕೆಳಗೆ ಬರೆದಿದ್ದಾರೆ: 'ನಾರ್ಬರ್ಗ್ ಕಾರ್ಖಾನೆಯ ಫಿಟ್ಟರ್ ವಾಲ್ಫ್ರಿಡ್ ಲುಂಡ್‌ಮಾರ್ಕ್, ಮಗ ಹುಟ್ಟಿದ ೧೯೩೮ರಲ್ಲಿ ಅವನಿಗಾಗಿಯೇ ಮಾಡಿದ್ದು.' ನಾರ್ಬರ್ಗಿನ ಪದ್ಧತಿಯನ್ನೂ ನೀನು ಚೆಂದವಾಗಿ ಹೇಳಿಕೊಂಡಿದ್ದೀಯ. ಮನೆಯಲ್ಲಿ ಮಗು ಹುಟ್ಟಿದರೆ ಫಿಟ್ಟರು ಊಟದ ಬಿಡುವಿನಲ್ಲಿ ಒಂದು ಪಾನಾವನ್ನು ಬೇರೆಯಾಗಿ ಉಜ್ಜಿ ಹೊಂದಿಸುತ್ತಿದ್ದ. ನಟ್ಟು ಕಚ್ಚುವ, ಓಡಾಡುವ ದವಡೆಯನ್ನು ಕೂರಿಸುವ ಮೊದಲು, ಅದು ಜಾರುವ ತೋಡಿನೊಳಗೆ ಮಗುವಿನ ಹೆಸರಿನ ಮೊದಲಕ್ಷರ ಹೊಡೆಯುತ್ತಿದ್ದ. ದವಡೆ ಕೂತ ಮೇಲೆ ಅಕ್ಷರ ಯಾರಿಗೂ ಕಾಣದು. ಮೇಸ್ತ್ರಿಗೂ ಎಲ್ಲ ಗೊತ್ತು, ಗೊತ್ತಿಲ್ಲದವನ ಹಾಗೆ ಆ ಕಡೆ ತಿರುಗಿಕೊಳ್ಳುತ್ತಿದ್ದ.

ಎಲ್ಲ ಸರಿ. ವಾಲ್ಫ್ರಿಡ್‌ಗೆ ಒಬ್ಬ ಮಗಳೂ ಇದ್ದಾಳೆ ಎಂಬ ಒಂದು ಸಾಲು ಯಾಕಿಲ್ಲ?

ಸುತ್ತಿ ಬಳಸಿ ಹೇಳುವುದಿಲ್ಲ, ಹಾರ್ಲನ್. ನನಗೆ ಹೊಟ್ಟೆ ಉರಿಯಿತು. ನಲವತ್ತೈದು ವರ್ಷದ ಹೆಂಗಸು, ಮೊಮ್ಮಗು ಆಡಿಸುವ ವಯಸ್ಸು, ಒಂದು ತುಂಡು ಕಬ್ಬಿಣಕ್ಕೆ ಉರಿದುಕೊಂಡೆ. ಅಪ್ಪ ನಿನಗೆ ಮಾಡಿದ, ನನಗೆ ಮಾಡಲಿಲ್ಲ. ಚಿಕ್ಕಂದಿನಿಂದ ಗೊತ್ತಿದ್ದ ಸಂಗತಿಯೇ. ಆದರೆ ಬಣ್ಣದ ಕಾಗದದ ಮೇಲೆ ಅಚ್ಚಾಗಿ ನೋಡುವುದು ಬೇರೆ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಒಳಗೆ 'ಎಚ್' ಇರುವುದನ್ನು ನೀನು ಕಣ್ಣಾರೆ ನೋಡಿದ್ದೀಯಾ?

ನಿನ್ನ ತಂಗಿ,
ಸಿಗ್ನೆ


ಆಶ್ಟಬ್ಯೂಲಾ
೨೩ ಅಕ್ಟೋಬರ್ ೧೯೮೮

ಪ್ರೀತಿಯ ಸಿಗ್ನೆ,

ನಿನ್ನ ಪತ್ರದಿಂದ ಹೊಗೆ ಬರುತ್ತಿತ್ತು. ಲಕೋಟೆ ಸುಡದೆ ತಲುಪಿದ್ದು ಅಂಚೆಯವರ ಪುಣ್ಯ.

ನೀನು ಹುಟ್ಟಿದಾಗ ಅಪ್ಪ ಎಲ್ಲಿದ್ದ ಹೇಳು? ಯುದ್ಧದ ಹಡಗಿನಲ್ಲಿ, ಸಮುದ್ರದ ನಡುವೆ. ನಿನ್ನ ಮುಖ ಅವನು ಮೊದಲು ನೋಡಿದ್ದೇ ನೀನು ಓಡಾಡಿ ಮಾತಾಡುವಾಗ. ಪಾನಾ ಯಾರು ಮಾಡಬೇಕಿತ್ತು, ಮೀನುಗಳೇ? ಇದು ಅನ್ಯಾಯವಲ್ಲ, ಕಾಲ.

ವರ್ಷದ ವಿಷಯಕ್ಕೆ ಬಂದರೆ, ಈ ಕಡೆಯ ಮೂರು ರಾಜ್ಯದವರು ತಮ್ಮ ಪಾನಾಗಳ ವಯಸ್ಸು ಕೇಳಲು ನನ್ನ ಬಳಿ ಬರುತ್ತಾರೆ. ಹಿಡಿಯ ಮೇಲೆ ೧೯೩೭ರ ಪೇಟೆಂಟ್ ಅಚ್ಚು ಇದೆ. ನಾನು ಹುಟ್ಟಿದ್ದು ಮರುವರ್ಷ. ಕಪ್ಪಗಿದೆ, ನಿಜ. ಅಪ್ಪ ಅಷ್ಟು ವರ್ಷ ಬಳಸಿದರೆ ನಿಕಲ್ ಲೇಪ ಸವೆಯದೆ ಇರುತ್ತದೆಯೇ? ಇದಕ್ಕಿಂತ ಏನು ಬೇಕು? ಅಂಗೈ ಹುಣ್ಣಿಗೆ ಕನ್ನಡಿ ಬೇಡ.

ಒಳಗೆ ನಾನು ನೋಡಿಲ್ಲ, ನೋಡುವುದೂ ಇಲ್ಲ. ದವಡೆ ಹೊರಗೆ ಬರಬೇಕಾದರೆ ಅದನ್ನು ಹಿಂದೆ ಮುಂದೆ ಸರಿಸುವ ತಿರುಗಣಿಯನ್ನು ಹಿಡಿದಿರುವ ಸ್ಕ್ರೂ ಬಿಚ್ಚಬೇಕು. ಆ ಸ್ಕ್ರೂವಿನ ತಲೆಯ ಮೇಲೆ ಇವತ್ತಿಗೂ ಒಂದು ಗೀರಿಲ್ಲ. ಅಂಥದ್ದನ್ನು ಬಿಚ್ಚುವವನನ್ನು ನಮ್ಮ ಸಂಗ್ರಹಕಾರರು ಮನೆಯೊಳಗೆ ಸೇರಿಸುವುದಿಲ್ಲ.

ಕೊನೆಗಾಲದಲ್ಲಿ ಆಸ್ಪತ್ರೆಯಲ್ಲಿ ಅಪ್ಪ ಇದನ್ನು ನನ್ನ ಕೈಗಿಟ್ಟಾಗ ನೀನು ಕಾಫಿ ತರಲು ಹೋಗಿದ್ದೆ. "ಇಷ್ಟು ಚೆನ್ನಾಗಿ ಕೂತಿರೋ ದವಡೆ ನನ್ನ ಕೈಲಿ ಆಗ್ಲೇ ಇಲ್ಲ ಕಣೋ" ಎಂದ. ಇದಾದ ಮೇಲೆ ಇಂಥದ್ದು ಮತ್ತೆ ಆಗಲಿಲ್ಲ ಎಂದು. ಅವನ ಜೀವಮಾನದ ಅತ್ಯುತ್ತಮ ಕೆಲಸ ನನಗಾಗಿ ಮಾಡಿದ್ದು. ಅದನ್ನು ನನ್ನಿಂದ ಕಸಿಯಬೇಡ.

ಕ್ರಿಸ್‌ಮಸ್‌ಗೆ ಕೊರ್ವ್ ಕಳಿಸುತ್ತೀಯಲ್ಲ? ಇಲ್ಲಿಯ ಕಟುಕರಿಗೆ ನಮ್ಮ ಆಲೂಗಡ್ಡೆ ಸಾಸೇಜು ಎಂದರೆ ಏನೆಂದೇ ಗೊತ್ತಿಲ್ಲ.

ಅಕ್ಕರೆಯಿಂದ,
ಹಾರ್ಲನ್


ಜೇಮ್ಸ್‌ಟೌನ್
೧೬ ನವೆಂಬರ್ ೧೯೮೮

ಹಾರ್ಲನ್,

ನಾನು ಕಾಫಿ ತರಲು ಹೋಗಿದ್ದೆ. ಹೌದು, ಆ ಆಸ್ಪತ್ರೆಯಲ್ಲಿ ಕಾಫಿ ತರುವವಳು ನಾನೇ, ಬಟ್ಟೆ ಬದಲಿಸುವವಳು ನಾನೇ. ಒಡವೆ ತೆಗೆದುಕೊಳ್ಳಲು ಮಾತ್ರ ನೀನು ಆಶ್ಟಬ್ಯೂಲಾದಿಂದ ಸರಿಯಾದ ಹೊತ್ತಿಗೆ ಬಂದೆ.

ಈಗ ಕೇಳು. ನನ್ನ ಅಂಗಡಿಯಲ್ಲೂ ಒಂದು ನಾರ್ಬರ್ಗ್ ಪಾನಾ ಇದೆ. ಯಾರದೋ ಮನೆಯ ಹಳೇ ಸಾಮಾನಿನ ರಾಶಿಯಲ್ಲಿ ತುಕ್ಕು ಬೋಲ್ಟುಗಳ ಜೊತೆ ಸಿಕ್ಕಿದ್ದು. ಮೆಷಿನ್‌ಗಳ ಕೊಳವೆ ಬಿಗಿಯುವುದಕ್ಕೆ ಅದೇ. ನೀನು ಗೋಡೆಗೆ ನೇತುಹಾಕುತ್ತೀಯ, ನಾನು ಕೆಲಸಕ್ಕೆ ಹಚ್ಚುತ್ತೇನೆ, ಅಷ್ಟೇ ವ್ಯತ್ಯಾಸ. ಆಲ್ಡನ್ ಅದನ್ನು ನಿನ್ನ ಫೋಟೋದ ಪಕ್ಕ ಇಟ್ಟ. ನನ್ನದರ ಹಿಡಿಯ ತುದಿಯ ತೂತು ಕಣ್ಣಿನ ಆಕಾರದ್ದು. ನಿನ್ನದು ಬರೀ ದುಂಡಗಿದೆ. ಎರಡರ ಮೇಲೂ ೧೯೩೭ರ ಪೇಟೆಂಟೇ ಇದೆ.

"ಪೇಟೆಂಟ್ ವರ್ಷ ನಂಬ್ಕೊಂಡು ಕೂತಿದ್ದಾನಾ ಆ ಮಹಾನುಭಾವ?" ಎಂದ ಆಲ್ಡನ್. "ಅದು ಹುಡುಗಿ ಹುಟ್ಟಿದ ವರ್ಷ ಕಣಮ್ಮ, ಮದ್ವೆ ಆದ ವರ್ಷ ಅಲ್ಲ. ಅದೇ ಅಚ್ಚಲ್ಲಿ ಹತ್ತು ಹನ್ನೆರಡು ವರ್ಷ ಹೊಡೆದಿದ್ದೀವಿ. ಕಣ್ಣಿನ ತೂತು ಯುದ್ಧಕ್ಕೆ ಮುಂಚೆದು. ಯುದ್ಧದಲ್ಲಿ ಅಷ್ಟೆಲ್ಲ ಸಿಂಗಾರಕ್ಕೆ ಎಲ್ಲಿತ್ತು ಪುರುಸೊತ್ತು? ಬೈರಿಗೆ ಹಾಕಿ ದುಂಡಗೆ ಕೊರೆದು ಬಿಸಾಕ್ತಿದ್ರು. ನಿಕಲ್ಲೂ ಇಲ್ಲ, ಎಲ್ಲ ಸೈನ್ಯಕ್ಕೆ ಹೋಗೋದು. ಕಪ್ಪಗೇ ಸುಟ್ಟು ಕಳಿಸೋರು."

ಎಲ್ಲರ ಮನೆಯ ಪಾನಾಕ್ಕೂ ಜಾತಕ ಬರೆಯುವವನು ನೀನು. ದೀಪದ ಬುಡದಲ್ಲಿ ಕತ್ತಲೆ.

ಸ್ಕ್ರೂ ಮುಟ್ಟಬೇಡ, ಬೇಡ. ಬ್ಯಾಟರಿ ಹಿಡಿದು ತಿರುಗಣಿಯ ಹಿಂದಿನ ಸಂದಿಯನ್ನು ನೋಡು. ಅಲ್ಲಿಗೆ ಯಾವ ಬೆರಳೂ ಹೋಗುವುದಿಲ್ಲ, ಅಲ್ಲಿ ಏನೂ ಸವೆಯುವುದಿಲ್ಲ. ಯುದ್ಧಕ್ಕೆ ಮುಂಚಿನದಾದರೆ ಆ ಮೂಲೆಯಲ್ಲಿ ನಿಕಲ್ ಹೊಳೆಯುತ್ತಿರಬೇಕು. ನನ್ನದರಲ್ಲಿ ಹೊಳೆಯುತ್ತಿದೆ.

ಹೊಳೆಯದಿದ್ದರೆ, ನೀನು ಹುಟ್ಟಿದ ವರ್ಷದ್ದಲ್ಲ ಅದು. ನಾನು ಹುಟ್ಟಿದ ಕಾಲದ್ದು.

ಸಿಗ್ನೆ


ಆಶ್ಟಬ್ಯೂಲಾ
೪ ಡಿಸೆಂಬರ್ ೧೯೮೮

ಸಿಗ್ನೆ,

ಹೊಳೆಯುವುದಿಲ್ಲ. ಮೂಲೆಯೂ ಕಪ್ಪು.

ಸಂತೋಷವಾಯಿತೇ? ಯುದ್ಧಕಾಲದ್ದು. ಆಗ ಅಪ್ಪ ಸಮುದ್ರದಲ್ಲಿದ್ದ. ಅಂದ ಮೇಲೆ ಅದು ನಿನಗೆ ಮಾಡಿದ್ದೂ ಅಲ್ಲ, ನನಗೆ ಮಾಡಿದ್ದೂ ಅಲ್ಲ. ಯಾವನೋ ಮಾಡಿದ್ದು, ಅಪ್ಪ ಎಲ್ಲಿಂದಲೋ ಎತ್ತಿಕೊಂಡು ಬಂದದ್ದು. ನೀನೂ ತಿನ್ನಲಿಲ್ಲ, ನನಗೂ ತಿನ್ನಲು ಬಿಡಲಿಲ್ಲ.

ಹೊಟ್ಟೆ ಉರಿ ನಿನಗೊಬ್ಬಳಿಗೇ ಇದೆ ಎಂದುಕೊಂಡಿದ್ದೀಯಾ? ಅಪ್ಪ ಪ್ರತಿ ಬೆಳಿಗ್ಗೆ ಯಾರ ಅಂಗಡಿಯ ಕಿಟಕಿಯಲ್ಲಿ ಕೂತು ಪತ್ರಿಕೆ ಓದುತ್ತಿದ್ದ? ಚಳಿಗಾಲದಲ್ಲಿ ಕೆರೆಯ ಹಿಮ ಕೊರೆದು ಮೀನು ಹಿಡಿಯಲು ಯಾರನ್ನು ಕರೆದುಕೊಂಡು ಹೋಗುತ್ತಿದ್ದ? ನಾನು ಫೋನ್ ಮಾಡಿದರೆ "ಹವಾ ಹೇಗಿದೆ ಅಲ್ಲಿ?" ಎಂದು ಕೇಳಿ ನಿನ್ನ ಕೈಗೆ ಕೊಡುತ್ತಿದ್ದ. ನಿನಗೆ ಇಡೀ ಅಪ್ಪ ಸಿಕ್ಕಿದ. ನನಗೆ ಸಿಕ್ಕಿದ್ದು ಒಂದು ಕಬ್ಬಿಣ. ಅದನ್ನೂ ಕಿತ್ತುಕೊಂಡೆ.

ಗೋಡೆಯಿಂದ ಇಳಿಸಿದ್ದೇನೆ. ಕೊರ್ವ್ ಕಳಿಸಬೇಡ.

ಹಾರ್ಲನ್


ಜೇಮ್ಸ್‌ಟೌನ್
೨೨ ಜನವರಿ ೧೯೮೯

ಅಣ್ಣ,

ಕ್ರಿಸ್‌ಮಸ್ ಹೋಯಿತು, ಹೊಸ ವರ್ಷ ಬಂತು. ನಿನ್ನಿಂದ ಒಂದು ಕಾರ್ಡಿಲ್ಲ. ಕೊರ್ವ್ ಫ್ರೀಜರಿನಲ್ಲಿಟ್ಟಿದ್ದೇನೆ.

ಗೆದ್ದೆ ಎಂದುಕೊಂಡಿದ್ದೆ. ಗೆದ್ದವಳಿಗೆ ನಿದ್ದೆ ಬರಬೇಕಲ್ಲ. ಅದಕ್ಕೇ ಮೊನ್ನೆ ಭಾನುವಾರ ಅಕ್ಕಿ ಪಾಯಸ ಕಟ್ಟಿಕೊಂಡು ಟೆಕ್ಲಾ ಚಿಕ್ಕಮ್ಮನನ್ನು ನೋಡಲು ವೃದ್ಧಾಶ್ರಮಕ್ಕೆ ಹೋದೆ. ಅಮ್ಮನ ತಂಗಿಗೆ ಕಾಲು ಹೋಗಿದೆ, ಬಾಯಿ ಹೋಗಿಲ್ಲ. ನಿನ್ನ ಫೋಟೋ ತೋರಿಸಿ ಎಲ್ಲ ಹೇಳಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು, ತೆಗೆದು ನೋಡಿದಳು.

"ವಾಲ್ಫ್ರಿಡ್ ಮಾಡಿದ್ದಾ? ಯಾರಿಗೆ ಹೇಳ್ತೀಯೇ?" ಎಂದಳು. "ನಿಮ್ಮಪ್ಪ ಯಾರಿಗೂ ಏನೂ ಮಾಡ್ಲಿಲ್ಲ. ಊಟದ ಬಿಡುವು ಅಂದ್ರೆ ಅವನಿಗೆ ಇಸ್ಪೀಟು. ಇದು ನಮ್ಮಕ್ಕಂದು."

ಅಮ್ಮ ಯುದ್ಧದಲ್ಲಿ ನಾರ್ಬರ್ಗಿಗೆ ಹೋಗುತ್ತಿದ್ದಳು ಎಂದು ನನಗೆ ಗೊತ್ತಿತ್ತು. ಪೆಟ್ಟಿಗೆಗೆ ತುಂಬುವ ಕೆಲಸ ಎಂದುಕೊಂಡಿದ್ದೆ. ಅವಳೂ ಹಾಗೇ ಹೇಳುತ್ತಿದ್ದಳಲ್ಲವೇ?

"ಪೆಟ್ಟಿಗೆ ತುಂಬ್ತಿದ್ದೋಳು ನಾನು. ನಿಮ್ಮಮ್ಮ ಬ್ಲೆಂಡಾ ಕೂತಿದ್ದು ಫಿಟ್ಟರ್ ಬೆಂಚಲ್ಲಿ, ಅದೂ ನಿಮ್ಮಪ್ಪನ ಬೆಂಚಲ್ಲೇ. ನಿನ್ನ ತೊಟ್ಟಿಲು ಪಕ್ಕದ್ಮನೆಗೆ ಹೊತ್ತಾಕಿ ಬರೋಳು. ಅವಳು ಕೂರಿಸಿದ ದವಡೆ ಅಲುಗ್ತಿರ್ಲಿಲ್ಲ ಕಣೇ. ಕೂದಲೆಳೆ ಹಿಡ್ಕೊಳ್ಳೋದು. ಒಂದಿನ ಊಟದ ಹೊತ್ತಲ್ಲಿ ಗಂಡಸ್ರ ಥರಾನೇ ಬೇರೆ ಒಂದು ಪಾನಾ ಇಟ್ಕೊಂಡು ಉಜ್ಜೋಕೆ ಶುರು ಮಾಡಿದ್ಲು. ಮುದುಕ್ರೆಲ್ಲ ನಕ್ರು, 'ಏನಮ್ಮ ಬ್ಲೆಂಡಾ, ನೀನೇನು ಅಪ್ಪ ಆಗಿದ್ದೀಯಾ?' ಅಂತ. ಇವಳು ಉಜ್ಜೋದು ನಿಲ್ಲಿಸ್ಲಿಲ್ಲ."

"ಆಮೇಲೆ?" ಎಂದೆ.

"ಆಮೇಲೇನು, ನಿಮ್ಮಪ್ಪ ಬಂದ. ಹೆಂಗಸ್ರನ್ನೆಲ್ಲ ಮನೇಗೆ ಕಳಿಸಿದ್ರು. ಬಂದ ವಾರದಲ್ಲೇ ಮೇಸ್ತ್ರಿ ಎಲ್ಲರೆದುರಿಗೆ, 'ವಾಲ್ಫ್ರಿಡ್, ನಿನ್ನ ದವಡೆ ಯಾಕೋ ಗಡಗಡ ಅಂತಾವೆ. ಮನೇಲಿ ಹೆಂಡ್ತಿ ಹತ್ರ ಪಾಠ ಹೇಳಿಸ್ಕೊಂಡು ಬಾ' ಅಂದುಬಿಟ್ಟ. ಎಲ್ರೂ ಗೊಳ್ ಅಂದ್ರು. ಅಷ್ಟೇ. ಅವತ್ತಿಂದ ಆ ಮನೇಲಿ ಅವಳು ಒಂದು ಮೊಳೆ ಹೊಡೆಯೋ ಹಾಗಿರ್ಲಿಲ್ಲ. ಆ ಪಾನಾನೂ ತಗೊಂಡು ತನ್ನ ಪೆಟ್ಟಿಗೇಲಿ ಹಾಕ್ಕೊಂಡ. ಕೆಟ್ಟವನಲ್ಲ ಕಣೇ ಅವನು. ಹೊಟ್ಟೆಕಿಚ್ಚು."

ಯಾರಿಗಾಗಿ ಮಾಡಿದಳು ಎಂದು ಕೇಳಿದೆ. "ನಂಗೇನ್ ಗೊತ್ತು? ಅಕ್ಷರ ಹೊಡೆಯೋವಾಗ ಬೆನ್ನು ಅಡ್ಡ ಇಟ್ಕೊಂಡ್ಲು. ಬಿಚ್ಚಿ ನೋಡ್ಕೊಳ್ರೇ" ಎಂದು ಪಾಯಸದ ಬಟ್ಟಲು ಕೆರೆಯುತ್ತಾ ಕೂತಳು.

ಹಾರ್ಲನ್, ಬಿಚ್ಚಬೇಡ.

ಒಳಗಿನ ಅಕ್ಷರ ನೋಡಿದ್ದೀಯಾ ಎಂದು ಮೊದಲು ಕೆಣಕಿದವಳು ನಾನೇ, ಈಗ ಕೈಮುಗಿಯುತ್ತೇನೆ. ಅಪ್ಪ ನನ್ನನ್ನು ಮರೆತದ್ದಕ್ಕೆ ನೆಪ ಇತ್ತು, ಸಮುದ್ರ ಇತ್ತು. ಆದರೆ ಅಮ್ಮ ಬೆಂಚಿನಲ್ಲಿ ಕೂತಾಗ ನಾನು ತೊಟ್ಟಿಲಲ್ಲಿದ್ದೆ. ಮಗು ಹುಟ್ಟಿದಾಗ ಮಾಡುವ ಪಾನಾ, ಹುಟ್ಟಿದ ಮಗು ನಾನು. ಅದರೊಳಗೆ 'ಎಚ್' ಇದ್ದುಬಿಟ್ಟರೆ? ಐದು ವರ್ಷದ ನಿನ್ನ ಮುಖ ನೆನೆದುಕೊಂಡು ಹೊಡೆದಿದ್ದರೆ? ಆಮೇಲೆ ನನಗೆ ಯಾರನ್ನು ದೂರಬೇಕೆಂದೇ ಗೊತ್ತಾಗುವುದಿಲ್ಲ. 'ಎಸ್' ಇರಬಹುದು ಎಂಬ ಆಸೆಯಲ್ಲೇ ಇದ್ದುಬಿಡುತ್ತೇನೆ. ಆ ಸ್ಕ್ರೂವಿಗೆ ಗೀರು ಬೀಳದಿರಲಿ.

ನಿನ್ನ ತಂಗಿ,
ಸಿಗ್ನೆ


ಆಶ್ಟಬ್ಯೂಲಾ
೧೨ ಮಾರ್ಚ್ ೧೯೮೯

ಪ್ರೀತಿಯ ಸಿಗ್ನೆ,

ಬಿಚ್ಚಿದೆ.

ಬೈಯುವ ಮೊದಲು ಪೂರ್ತಿ ಓದು. ನಿನ್ನ ಪತ್ರ ಬಂದ ಮೇಲೆ ಹಲವು ದಿನ ಅದನ್ನು ಬಟ್ಟೆಯಲ್ಲಿ ಸುತ್ತಿಟ್ಟೆ. ನಿನಗೆ 'ಎಚ್' ಎಂದರೆ ಹೇಗೆ ಭಯವೋ ನನಗೆ 'ಎಸ್' ಎಂದರೆ ಹಾಗೆ. ಅಪ್ಪನೂ ನಿನ್ನವನು, ಈಗ ಅಮ್ಮನೂ ನಿನ್ನವಳೇ ಆಗಿಬಿಟ್ಟರೆ ನನಗೆ ಉಳಿಯುವುದು ಗೋಡೆ. ಕೊನೆಗೆ, ಈ ವಯಸ್ಸಿನಲ್ಲಿ ಅಣ್ಣ ತಂಗಿ ಇಬ್ಬರೂ ಒಂದು ಅಕ್ಷರಕ್ಕೆ ಹೆದರಿ ಕೂತಿದ್ದೇವಲ್ಲ ಎಂದು ನನಗೇ ನಾಚಿಕೆಯಾಯಿತು.

ಸ್ಕ್ರೂವಿಗೆ ಎಣ್ಣೆ ಬಿಟ್ಟು ನೆನೆಹಾಕಿದೆ. ಸ್ಕ್ರೂಡ್ರೈವರ್ ಜಾರಿತು. ತಲೆಯ ಮೇಲೆ ಗೀರು ಬಿತ್ತು, ನಾಚಿಕೆಗೆಟ್ಟ ದೊಡ್ಡ ಗೀರು. ತಿರುಗಣಿ ಬಂತು, ಅದರ ಸ್ಪ್ರಿಂಗ್ ಹಾರಿ ಎಲ್ಲೋ ಹೋಯಿತು. ದವಡೆ ಮಾತ್ರ ಬರಲೊಲ್ಲದು. ತುಕ್ಕಲ್ಲ, ಅಷ್ಟು ಬಿಗಿಯಾಗಿ ಕೂತಿತ್ತು. ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಟ್ಟಿ ಹೊರಗೆ ತೆಗೆದೆ. ನನ್ನ ಬಳಿ ಇರುವ ನೂರಾರು ಪಾನಾಗಳಲ್ಲಿ ಇಂಥ ಹೊಂದಿಕೆ ಇನ್ನೊಂದರಲ್ಲಿಲ್ಲ. ಗೋಡೆಗೆ ಹಾಕಿದವನು ನಾನು, ಒಂದು ದಿನವಾದರೂ ದವಡೆ ಅಲುಗಿಸಿ ನೋಡಿರಲಿಲ್ಲ.

ಒಳಗೆ 'ಎಚ್' ಇಲ್ಲ. 'ಎಸ್' ಕೂಡ ಇಲ್ಲ.

'ಬಿ' ಇದೆ.

ಮೊದಲು '8' ಎಂದು ಓದಿದೆ. ಭೂತಗನ್ನಡಿ ಇಟ್ಟೆ. ಎಡಗಡೆಯ ಗೆರೆ ನೆಟ್ಟಗೆ, ಆಳವಾಗಿ, ಒಂದೇ ಏಟಿಗೆ ಹೊಡೆದದ್ದು. ಬ್ಲೆಂಡಾ. ನಮಗೆ ಯಾರಿಗೂ ಅಲ್ಲ, ಸಿಗ್ನೆ. ತನಗೇ ಮಾಡಿಕೊಂಡದ್ದು.

ಅಡುಗೆಮನೆಯ ನಲ್ಲಿ ಸೋರುತ್ತಿದ್ದದ್ದು ನೆನಪಿದೆಯೇ? ಅಮ್ಮ ಕೆಳಗೆ ಬಟ್ಟಲಿಟ್ಟು, "ಅಪ್ಪ ಬರ್ಲಿ, ಅಪ್ಪ ಬಿಗೀತಾರೆ" ಎನ್ನುತ್ತಿದ್ದಳು. ಬಟ್ಟಲು ತುಂಬಿದರೆ ಚೆಲ್ಲಿ ಮತ್ತೆ ಇಡುತ್ತಿದ್ದಳು. ಪಾನಾ ಅದೇ ಅಡುಗೆಮನೆಯ ಬಾಗಿಲ ಹಿಂದೆ ಅಪ್ಪನ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಅದನ್ನು ನೆನೆದು ಅತ್ತೆ. ಅತ್ತೆ ಎಂದು ಯಾರಿಗೂ ಹೇಳಬೇಡ, ಆಲ್ಡನ್‌ಗಂತೂ ಹೇಳಲೇಬೇಡ.

ಆಸ್ಪತ್ರೆಯಲ್ಲಿ ಅಪ್ಪ ಹೇಳಿದ್ದನ್ನು ನಿನಗೆ ಬರೆದಿದ್ದೆ. ಹೆಮ್ಮೆಯಿಂದ ಹೇಳಿದ ಎಂದುಕೊಂಡಿದ್ದೆ. ಈಗ ನೆನೆದರೆ ಅವನು ನನ್ನ ಮುಖ ನೋಡುತ್ತಿರಲಿಲ್ಲ, ಪಾನಾವನ್ನೇ ನೋಡುತ್ತಿದ್ದ. ಅಮ್ಮ ಸತ್ತು ಎಂಟು ವರ್ಷವಾಗಿತ್ತು. ಅವಳಿದ್ದಾಗ ಹೇಳಬಹುದಿತ್ತು.

ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸಿದ್ದೇನೆ. ವರ್ಷ ಮಾತ್ರವಲ್ಲ, ಹೆಸರೂ ತಿದ್ದಬೇಕೆಂದು. ಪಾನಾವನ್ನು ಬೇರೆ ಕಟ್ಟಿನಲ್ಲಿ ನಿನಗೆ ಕಳಿಸುತ್ತಿದ್ದೇನೆ. ನಿನ್ನದು ಎಂದಲ್ಲ, ಅದು ನಮ್ಮಿಬ್ಬರದೂ ಅಲ್ಲ. ನೀನಾದರೆ ಕೆಲಸಕ್ಕೆ ಹಚ್ಚುತ್ತೀಯ. ಸ್ಪ್ರಿಂಗ್ ಹೊಸದು, ಸ್ಕ್ರೂ ಹಳೆಯದೇ, ಗೀರು ನನ್ನದು.

ನಿನ್ನ ಅಣ್ಣ,
ಹಾರ್ಲನ್


ಜೇಮ್ಸ್‌ಟೌನ್
೨ ಏಪ್ರಿಲ್ ೧೯೮೯

ಅಣ್ಣ,

ಕಟ್ಟು ಬಂತು. ಬಿಚ್ಚಿದ ದಿನವೇ ಕಿಟಕಿ ಪಕ್ಕದ ಮೆಷಿನ್ನಿನ ಕೊಳವೆ ಕಿತ್ತುಕೊಂಡು ನೆಲವೆಲ್ಲ ನೀರು. ಅಮ್ಮನ ಪಾನಾ ಹಾಕಿದೆ. ನಟ್ಟನ್ನು ಹಿಡಿದದ್ದು ಹಿಡಿದೇ ಇತ್ತು, ಒಂದಿಷ್ಟೂ ಜಾರಲಿಲ್ಲ. ಆಲ್ಡನ್ ಕೈಗೆ ಕೊಟ್ಟೆ. ದವಡೆ ಅಲುಗಿಸಲು ನೋಡಿದ, ಆಗಲಿಲ್ಲ. "ಯಾವನು ಕೂರಿಸಿದ್ದು ಇದನ್ನ?" ಎಂದ. "ಯಾವನಲ್ಲ, ಯಾವಳು" ಎಂದೆ. ಅವನು ಆವತ್ತು ಅಂಗಿ ಒಣಗುವ ಮೊದಲೇ ಮನೆಗೆ ಹೋದ.

ನಿಜ ಹೇಳಲೇ? ಹೊಟ್ಟೆ ಉರಿ ಆರಿಲ್ಲ. ನಿನ್ನ ಮೇಲಿಂದ ಇಳಿದು ಅಮ್ಮನ ಮೇಲೆ ಹೋಗಿದೆ. ನನ್ನ ಅಕ್ಷರವನ್ನು ಯಾರಾದರೂ ಎಲ್ಲಾದರೂ ಹೊಡೆದಿರಬೇಕು ಎಂದು ನಾನು ಇಷ್ಟು ವರ್ಷ ಕಾದೆ. ಅಪ್ಪ ಹೊಡೆಯಲಿಲ್ಲ ಎಂದು ಮುನಿದೆ, ನಿನ್ನದನ್ನು ಹೊಡೆದ ಎಂದು ಉರಿದೆ. ಅವಳು ಯಾರನ್ನೂ ಕಾಯಲಿಲ್ಲ. ಮುದುಕರು ನಗುತ್ತಿರುವಾಗ ಬೆನ್ನು ಅಡ್ಡ ಇಟ್ಟುಕೊಂಡು ತನ್ನ ಅಕ್ಷರ ತಾನೇ ಹೊಡೆದುಕೊಂಡಳು. ನನಗೆ ಅದು ಯಾಕೆ ಹೊಳೆಯಲಿಲ್ಲ ಎಂದು ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಅಂಗಡಿಯ ನನ್ನ ಪಾನಾ ಗೊತ್ತಲ್ಲ, ಕಣ್ಣಿನ ತೂತಿನದು. ಅದನ್ನು ನಿನ್ನೆ ಬಿಚ್ಚಿಟ್ಟಿದ್ದೇನೆ. ತೋಡು ಖಾಲಿ ಇದೆ. ಸಂಗ್ರಹಕಾರರ ಲೆಕ್ಕದಲ್ಲಿ ಅದರ ಬೆಲೆ ಬೀಳುತ್ತದೆ ಎಂದು ನೀನು ಹೇಳುತ್ತೀಯ. ಬೀಳಲಿ.

ಈಸ್ಟರ್ ಅಂತೂ ಕಳೆಯಿತು, ಈಗಲಾದರೂ ಬಾ. ಕೊರ್ವ್ ಇನ್ನೂ ಫ್ರೀಜರಿನಲ್ಲೇ ಇದೆ. ಬರುವಾಗ ನಿನ್ನ ಅಕ್ಷರದ ಅಚ್ಚುಗಳ ಡಬ್ಬಿಯಿಂದ 'ಎಸ್' ಒಂದನ್ನು ತಾ. ಪಾನಾವನ್ನು ನೀನು ಅಲುಗದಂತೆ ಹಿಡಿದುಕೋ, ಸಾಕು. ಸುತ್ತಿಗೆ ನನ್ನ ಹತ್ತಿರ ಇದೆ.

ಸಿಗ್ನೆ